ಕಾದ ಕಾವಲಿಯ ಮೇಲೆ ಕಾಣೆ

ಮೀನಿನ ಹೋಟೆಲೊಂದರ ಯೋಗ್ಯತೆ ತಿಳಿಯಬೇಕಾದರೆ ನಾನು ಮೊದಲು ಕೇಳುವುದು ಬಂಗುಡೆಯನ್ನು. ಅಂಜಲ್ ತುಂಡನ್ನು ಯಾರು ಬೇಕಾದರೂ ಒಂದು ಮಟ್ಟಕ್ಕೆ ಚೆನ್ನಾಗಿ ಕಾಯಿಸಿ ಕೊಡಬಹುದು. ಸಿಗಡಿಗೆ ಬೆಣ್ಣೆ, ಬೆಳ್ಳುಳ್ಳಿ ಬಿದ್ದರೆ ಅರ್ಧ ಕೆಲಸ ಮುಗಿದ ಹಾಗೆಯೇ. ಬಂಗುಡೆಯ ಹತ್ತಿರ ಈ ಉಪಾಯ ನಡೆಯುವುದಿಲ್ಲ. ಅದರ ಮೈಯಲ್ಲಿ ಎಣ್ಣೆ ಜಾಸ್ತಿ, ಆ ಎಣ್ಣೆ ಬೇಗ ಕೆಡುತ್ತದೆ. ಬಲೆಯಿಂದ ಎತ್ತಿದ ಮೀನು ಐಸಿಗೆ ಬೀಳುವುದು ತಡವಾದರೆ ಮಾಂಸದೊಳಗೆ ಹಿಸ್ಟಮಿನ್ ಕೂಡಿಕೊಂಡು, ತಿನ್ನುವಾಗ ನಾಲಗೆಯ ತುದಿ ಚುರುಗುಟ್ಟುತ್ತದೆ. ಒಮ್ಮೆ ಕೂಡಿಕೊಂಡದ್ದು ಎಷ್ಟು ಕುದಿಸಿದರೂ ಹೋಗುವುದಿಲ್ಲ. ಹುಣಸೆಹುಳಿ, ಮೆಣಸು, ಶುಂಠಿ ಯಾವುದರ ಕೈಯಲ್ಲೂ ಅದನ್ನು ಮುಚ್ಚಲು ಆಗುವುದಿಲ್ಲ. ಎಲ್ಲರ ಮನೆಯ ಅಗ್ಗದ ಮೀನು, ಆದರೆ ಅದರ ಮುಂದೆ ಸುಳ್ಳು ನಿಲ್ಲದು.

ಹಾಗಾಗಿ ವೈಟ್‌ಫೀಲ್ಡಿನ ಮಾಲೊಂದರಲ್ಲಿ ಕರಾವಳಿ ಮೀನೂಟದ ಹೊಸ ಹೋಟೆಲು ಶುರುವಾಗಿದೆ ಎಂದು ಕೇಳಿದಾಗ ನನ್ನ ಮನಸ್ಸಿಗೆ ಬಂದದ್ದು ಅದೇ ಬಂಗುಡೆಯ ಪ್ರಶ್ನೆ. ಮಲ್ಪೆಯ, ಮಂಗಳೂರಿನ ಧಕ್ಕೆಗಳಲ್ಲಿ ಏಲಂ ಆದ ಮೀನು ಐಸಿನ ಪೆಟ್ಟಿಗೆ ಸೇರಿ, ರಾತ್ರಿ ಲಾರಿಯಲ್ಲಿ ಶಿರಾಡಿ ಘಾಟಿ ಹತ್ತಿ, ಸಕಲೇಶಪುರ, ಹಾಸನ ದಾಟಿ ಬರಬೇಕು. ಮಂಗಳೂರಿನಿಂದ ಬೆಂಗಳೂರಿಗೇ ಸುಮಾರು 350 ಕಿಲೋಮೀಟರ್. ವೈಟ್‌ಫೀಲ್ಡ್ ಊರಿನ ಪೂರ್ವದ ತುದಿ. ಬೆಳಗಿನ ವಾಹನ ದಟ್ಟಣೆ ಶುರುವಾಗುವ ಮೊದಲು ಮಹಾನಗರವನ್ನು ಉದ್ದಕ್ಕೂ ದಾಟಿ ತಲುಪದಿದ್ದರೆ ಮಧ್ಯಾಹ್ನದ ಊಟಕ್ಕೆ ಮೀನಿಲ್ಲ. ಮೀನಿನ ತೂಕದಷ್ಟೇ ಐಸು ಹಾಕಬೇಕು ಎಂಬ ಲೆಕ್ಕವನ್ನು ದಾರಿಯಲ್ಲಿ ಯಾರೊಬ್ಬರು ಮುರಿದರೂ ಅದು ತಟ್ಟೆಯಲ್ಲಿ ಗೊತ್ತಾಗುತ್ತದೆ.

ಜೊತೆಗೆ ಗಂಗೊಳ್ಳಿಯ ಚಿಕ್ಕಮ್ಮ ಇದ್ದರು. ಮಗನ ಮನೆಗೆಂದು ಬಂದವರು, ಬೆಂಗಳೂರಿನಲ್ಲಿ ಮೀನು ತಿನ್ನುವುದಿಲ್ಲ ಎಂದು ಹಟ ಹಿಡಿದವರು. ಹೋಟೆಲಿನ ಬಾಗಿಲ ಬಳಿ ಗಾಜಿನ ಹಿಂದೆ ಐಸಿನ ಮೇಲೆ ಮೀನು ಸಾಲಾಗಿ ಮಲಗಿಸಿದ್ದರು. ಚಿಕ್ಕಮ್ಮ ಒಳಗೆ ಕಾಲಿಡುವ ಮೊದಲೇ ಅಲ್ಲಿ ನಿಂತರು. ಒಂದು ಬಂಗುಡೆಯನ್ನು ತೆಗೆದು ತೋರಿಸಲು ಹೇಳಿ, ಹೆಬ್ಬೆರಳಿನಿಂದ ಕಿವಿರು ಎತ್ತಿ ನೋಡಿದರು. ಕಿವಿರು ಕೆಂಪಗಿತ್ತು. ಕಣ್ಣು ಉಬ್ಬಿಕೊಂಡು ತಿಳಿಯಾಗಿತ್ತು. ಹೊಟ್ಟೆಯ ಮೇಲೆ ಬೆರಳಿಟ್ಟು ಒತ್ತಿದರು, ಗುಳಿ ಬಿದ್ದದ್ದು ಕೂಡಲೇ ತುಂಬಿತು. ಬೆನ್ನಿನ ಮೇಲಿನ ನೀಲಿ ಹಸಿರು ಹೊಳಪು ಇನ್ನೂ ಮಂಕಾಗಿರಲಿಲ್ಲ. ಐಸಿನ ಹಿಂದೆ ನಿಂತ ಹುಡುಗನನ್ನು, "ಹ್ವಾಯ್, ಊರ್ ಎಲ್ಲಾಯ್ತ್?" ಎಂದು ಕೇಳಿದರು. "ಉಪ್ಪುಂದ ಅಮ್ಮ" ಎಂದ. ಆಮೇಲೆ ಅವರಿಬ್ಬರ ನಡುವೆ ನನಗೆ ಜಾಗವಿರಲಿಲ್ಲ.

ಅದೇ ಹುಡುಗ ಮೇಜಿನ ಬಳಿಯೂ ಬಂದ. ಮಸಾಲೆ ಹಚ್ಚಿದ ಹಸಿ ಮೀನುಗಳ ತಟ್ಟೆಯನ್ನು ನಮ್ಮೆದುರು ಹಿಡಿದು, ಬೇಕಾದ್ದನ್ನು ಬೆರಳು ಮಾಡಿ ತೋರಿಸಿ ಎಂದ. ಮಂಗಳೂರು ಬಂದರಿನ ಹಳೆಯ ಊಟದ ಹೋಟೆಲುಗಳಲ್ಲಿ ನಡೆದುಬಂದ ಕ್ರಮ ಇದು. ಮುದ್ರಿತ ಪಟ್ಟಿಗಿಂತ ನನಗೆ ಇದರ ಮೇಲೆ ನಂಬಿಕೆ ಹೆಚ್ಚು. ನಾನು ಮಾಂಜಿಯ ಕಡೆ ಕೈ ತೋರಿಸಿದೆ. ಅವನು ದನಿ ತಗ್ಗಿಸಿ, "ಮಾಂಜಿ ಇವತ್ತು ಬೇಡ ಸರ್. ಕಾಣೆ ತಕೊಳ್ಳಿ, ಬೆಳಿಗ್ಗೆ ಬಂದದ್ದು" ಎಂದ. ಬೆಲೆಯಲ್ಲಿ ಮಾಂಜಿ ದೊಡ್ಡದು, ಮಾರಿದರೆ ಲಾಭವೂ ದೊಡ್ಡದು. ಅದನ್ನು ಬೇಡ ಎನ್ನುವ ಸ್ವಾತಂತ್ರ್ಯವನ್ನು ಕೆಲಸದ ಹುಡುಗನಿಗೆ ಕೊಟ್ಟ ಯಜಮಾನರ ಬಗ್ಗೆ ನನಗೆ ಆಗಲೇ ಗೌರವ ಮೂಡಿತು.

ಮೊದಲು ಬಂದದ್ದು ಬಂಗುಡೆ ಪುಳಿಮುಂಚಿ. ಸಣ್ಣ ಮಣ್ಣಿನ ಪಾತ್ರೆ, ಅಂಚಿನಲ್ಲಿ ಇನ್ನೂ ಗುಳ್ಳೆ ಒಡೆಯುತ್ತಿದ್ದ ಕಡುಗೆಂಪು ರಸ. ಇದಕ್ಕೆ ತೆಂಗಿನಕಾಯಿ ಇಲ್ಲ. ಹುಣಸೆ, ಒಣಮೆಣಸು, ಸ್ವಲ್ಪ ಕೊತ್ತಂಬರಿ, ಜೀರಿಗೆ, ಮೆಂತ್ಯ, ಶುಂಠಿ, ಬೆಳ್ಳುಳ್ಳಿ. ಕಾಯಿಯ ಸಿಹಿ ಇಲ್ಲದ ಕಾರಣ ಹುಳಿ ಮತ್ತು ಖಾರ ನೇರವಾಗಿ ಬಂದು ತಾಗುತ್ತವೆ, ಬಂಗುಡೆಯ ಎಣ್ಣೆ ಮಾತ್ರ ಅವೆರಡನ್ನೂ ಹದಕ್ಕೆ ತರಬೇಕು. ಇಲ್ಲಿ ತಂದಿತ್ತು. ಮೊದಲ ತುತ್ತಿಗೆ ಹುಳಿ, ಅದರ ಬೆನ್ನಿಗೇ ಮೆಣಸು, ಅದು ಏರುತ್ತಿದ್ದ ಹಾಗೆ ಮೀನಿನ ಜಿಡ್ಡು ನಾಲಗೆಯ ಮೇಲೆ ಹರಡಿ ಎಲ್ಲವನ್ನೂ ಸಮಾಧಾನಕ್ಕೆ ತಂದಿತು. ನಾಲಗೆ ಚುರುಗುಟ್ಟಲಿಲ್ಲ. ಬಂಗುಡೆಯ ಪಕ್ಕೆಯ ಉದ್ದಕ್ಕೂ ಚರ್ಮದ ಕೆಳಗೆ ಒಂದು ಕಂದುಬಣ್ಣದ ಪಟ್ಟಿ ಇರುತ್ತದೆ. ಸದಾ ಈಜುತ್ತಲೇ ಇರುವ ಮೀನಾದ್ದರಿಂದ ಅಲ್ಲಿನ ಮಾಂಸಕ್ಕೆ ರಕ್ತದ ಪೂರೈಕೆ ಹೆಚ್ಚು, ರುಚಿಯೂ ಗಾಢ. ಮೀನು ಹಳತಾದರೆ ಮೊದಲು ಕಹಿಯಾಗುವುದು ಈ ಪಟ್ಟಿಯೇ. ನಾನು ಅದನ್ನು ಬೇರೆಯಾಗಿ ತೆಗೆದು ತಿಂದೆ. ಕಹಿಯ ಸುಳಿವಿರಲಿಲ್ಲ.

ಜೊತೆಗೆ ಬಂದ ನೀರ್ ದೋಸೆ ಮೊದಲ ಸಲ ಆರಿತ್ತು, ಆರಿದ ನೀರ್ ದೋಸೆ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತದೆ. ಹೇಳಿದ ಮೇಲೆ ಎರಡೆರಡೇ, ಹಬೆಯಾಡುತ್ತ ಬರತೊಡಗಿದವು.

ಇನ್ನು ಕಾಣೆ. ಇದರ ಬಗ್ಗೆ ಬರೆಯಲಿಕ್ಕೆಂದೇ ನಾನು ಕುಳಿತದ್ದು. ಕಾಣೆ ಆಳಸಮುದ್ರದ ಮೀನಲ್ಲ. ಅಳಿವೆಯ ಬಾಯಲ್ಲಿ, ದಡದ ಹತ್ತಿರದ ಮರಳುತಳದಲ್ಲಿ ಓಡಾಡಿಕೊಂಡಿರುತ್ತದೆ, ಹೆದರಿದರೆ ಮರಳಿನೊಳಗೆ ಹೂತುಕೊಳ್ಳುತ್ತದೆ. ಬಂಗುಡೆಯಂತೆ ದಿನವಿಡೀ ಮೈಲಿಗಟ್ಟಲೆ ಈಜುವ ಕಷ್ಟ ಅದಕ್ಕಿಲ್ಲ. ಆದ್ದರಿಂದಲೇ ಅದರ ಮಾಂಸ ಬೆಳ್ಳಗೆ, ಸಣ್ಣ ಎಳೆಯದು, ಜಿಡ್ಡು ಕಡಿಮೆ. ಇಂಥ ಸೌಮ್ಯ ಮೀನಿಗೆ ಮಸಾಲೆ ಒಂದು ಚೂರು ಹೆಚ್ಚಾದರೂ ಮೀನು ಇದ್ದೂ ಇಲ್ಲದಂತಾಗುತ್ತದೆ. ಹಾಗೆಂದು ಬರೀ ಉಪ್ಪು ಹಾಕಿ ಕೊಟ್ಟರೆ ಕರಾವಳಿಯವರು ಒಪ್ಪುವುದಿಲ್ಲ. ಆ ಎರಡರ ನಡುವಿನ ಕಿರಿದಾದ ಜಾಗದಲ್ಲಿ ಅಡುಗೆಯವರ ಕೈ ನಿಲ್ಲಬೇಕು.

ಉದ್ದನೆಯ ಮೈಗೆ ಎರಡೂ ಕಡೆ ಓರೆಯಾಗಿ ಗೀರು ಹಾಕಿ, ಮೆಣಸು, ಅರಿಸಿನ, ಉಪ್ಪು, ಹುಣಸೆರಸದ ತೆಳು ಲೇಪ ಹಚ್ಚಿ, ಮೇಲೆ ಸಣ್ಣ ರವೆ ಹೊರಳಿಸಿ, ಕಬ್ಬಿಣದ ಕಾವಲಿಯಲ್ಲಿ ತೆಂಗಿನೆಣ್ಣೆಗೆ ಬಿಟ್ಟಿದ್ದರು. ಅಡುಗೆಮನೆಗೆ ಗಾಜಿನ ಗೋಡೆ ಇದ್ದದ್ದರಿಂದ ನೋಡಲು ಸಿಕ್ಕಿತು. ಬಾಣಲೆಯ ತುಂಬ ಎಣ್ಣೆಯಲ್ಲಿ ಮುಳುಗಿಸಿರಲಿಲ್ಲ. ಒಂದು ಬದಿ ಗಟ್ಟಿಯಾಗುವವರೆಗೆ ಅಡುಗೆಯವರು ಸಟ್ಟುಗ ಮುಟ್ಟಿಸಲೇ ಇಲ್ಲ. ಒಮ್ಮೆ ಮಾತ್ರ ಮಗುಚಿದರು. ಬಾಲದ ತುದಿ ಗರಿಯಾಗಿ ಮೇಲೆದ್ದಾಗ ತೆಗೆದರು. ಮೀನಿನ ಮಾಂಸವನ್ನು ಹಿಡಿದಿಟ್ಟಿರುವ ಪೊರೆಗಳು ಬಹಳ ತೆಳು, ಆಡಿನ ಮಾಂಸದ ಹಾಗೆ ಗಂಟೆಗಟ್ಟಲೆ ಬೇಯಬೇಕಾಗಿಲ್ಲ. ಆ ಪೊರೆ ಕರಗಿ ಪದರ ಬಿಡಿಸಿಕೊಂಡ ಕ್ಷಣವೇ ಮೀನು ಬೆಂದ ಕ್ಷಣ. ಅದನ್ನು ದಾಟಿ ಬೆಂಕಿಯ ಮೇಲೆ ಬಿಟ್ಟರೆ ನೀರೆಲ್ಲ ಆವಿಯಾಗಿ ನಾರು ಮಾತ್ರ ಉಳಿಯುತ್ತದೆ. ಬೆಂಗಳೂರಿನ ಹೋಟೆಲುಗಳಲ್ಲಿ ನಾನು ತಿಂದ ಕಾಣೆಗಳಲ್ಲಿ ಹೆಚ್ಚಿನವು ಈ ಗಡಿ ದಾಟಿದವು.

ಇಲ್ಲಿಯದು ದಾಟಿರಲಿಲ್ಲ. ಹೊರಗಿನ ರವೆ ಹಲ್ಲಿಗೆ ಸಿಕ್ಕು ಪುಡಿಯಾಯಿತು, ಒಳಗೆ ಮಾಂಸ ತೇವವಾಗಿ, ಗೀರು ಹಾಕಿದ ಕಡೆಯಿಂದ ಪದರಪದರವಾಗಿ ಬಿಟ್ಟುಕೊಂಡಿತು. ಮೆಣಸಿನ ಖಾರ ಚರ್ಮದಲ್ಲೇ ನಿಂತಿತ್ತು, ಒಳಗಿನದು ಮೀನಿನದೇ ಸಿಹಿ. ಮೇಲ್ಬದಿ ತಿಂದು ಮುಗಿಸಿ, ತಲೆಯ ಹಿಂದೆ ಬೆರಳು ಹಾಕಿ ನಡುಮುಳ್ಳನ್ನು ಎತ್ತಿದೆ. ಮಲ್ಲಿಗೆಯ ದಂಡೆಯಿಂದ ಬಾಳೆನಾರು ಎಳೆದಂತೆ ಅದು ಒಂದೇ ಎಳೆಯಾಗಿ ಬಾಲದವರೆಗೂ ಬಂತು, ಒಂದು ಚೂರು ಮಾಂಸವನ್ನೂ ತನ್ನ ಜೊತೆ ಒಯ್ಯಲಿಲ್ಲ. ಕಾಣೆ ಹದವಾಗಿ ಬೆಂದದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಚಿಕ್ಕಮ್ಮ ತಮ್ಮ ಪಾಲಿನ ಮುಳ್ಳನ್ನು ತಟ್ಟೆಯ ಬದಿಗಿಟ್ಟು, "ಲಾಯ್ಕಿತ್ತ್" ಎಂದು ಇನ್ನೊಂದಕ್ಕೆ ಹೇಳಿದರು.

ಎಲ್ಲವೂ ಇದೇ ಎತ್ತರದಲ್ಲಿತ್ತು ಎನ್ನಲಾರೆ. ಸಿಗಡಿ ಘೀ ರೋಸ್ಟ್ ನನಗೆ ಒಪ್ಪಿಗೆಯಾಗಲಿಲ್ಲ. ಘೀ ರೋಸ್ಟ್ ನಮ್ಮ ಕುಂದಾಪುರದ್ದು, ಶೆಟ್ಟಿ ಲಂಚ್ ಹೋಮಿನ ಕೋಳಿ ಖಾದ್ಯವಾಗಿ ಹೆಸರಾದದ್ದು. ಕೋಳಿಗೆ ಆ ತುಪ್ಪ, ಹುರಿದ ಮೆಣಸು, ಹುಣಸೆ, ಬೆಲ್ಲದ ಚೂರು ಎಲ್ಲ ತಾಳಿಕೊಳ್ಳುವ ಶಕ್ತಿ ಇದೆ. ಇಲ್ಲಿ ಬಳಸಿದ್ದು ಒಳ್ಳೆಯ ಬ್ಯಾಡಗಿ ಮೆಣಸೇ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಮೆಣಸಿನ ಗುಣವೇ ಬಣ್ಣ ಹೆಚ್ಚು, ಖಾರ ಕಡಿಮೆ. ಮಸಾಲೆ ತುಪ್ಪ ಬಿಟ್ಟುಕೊಳ್ಳುವವರೆಗೂ ಹುರಿದಿದ್ದರು, ಅದರಲ್ಲಿ ಲೋಪವಿಲ್ಲ. ಆದರೆ ಅಷ್ಟು ತೂಕದ ಮಸಾಲೆಯ ಕೆಳಗೆ ಸಿಗಡಿಯ ಸೂಕ್ಷ್ಮವಾದ ಸಿಹಿ ಉಸಿರು ಕಟ್ಟಿಕೊಂಡಿತ್ತು. ಈಗ ಪನೀರಿನಿಂದ ಅಣಬೆಯವರೆಗೆ ಎಲ್ಲದಕ್ಕೂ ಘೀ ರೋಸ್ಟ್ ಮಾಡುವ ರೂಢಿ ಬಂದಿದೆ. ಅದೇ ಸಿಗಡಿಯನ್ನು ಒಗ್ಗರಣೆಯ ಕರಿಬೇವಿನ ಜೊತೆ ಬಾಡಿಸಿ, ಒಂದು ಹಿಡಿ ಕಾಯಿತುರಿ ಉದುರಿಸಿದ್ದರೆ ಸಾಕಿತ್ತು.

ಹಾಗೆ ಮಾಡಿದ್ದು ಮರುವಾಯಿಗೆ, ನಮ್ಮ ಕಡೆಯವರು ಬಳಚು ಎನ್ನುವ ಚಿಪ್ಪುಮೀನಿಗೆ. ಹೊಳೆ ಕಡಲು ಸೇರುವಲ್ಲಿ ಇಳಿತದ ಹೊತ್ತಿಗೆ ನೀರಿಗಿಳಿದು ಮರಳು ಕೆದಕಿ ಹೆಕ್ಕುವ ಜೀವ ಅದು. ಉಪ್ಪುನೀರಿನಲ್ಲಿ ಬಿಟ್ಟು ಹೊಟ್ಟೆಯ ಮರಳನ್ನು ತಾನಾಗಿ ಕಕ್ಕುವಂತೆ ಮಾಡದಿದ್ದರೆ ಇಡೀ ಊಟ ಕರಕರ ಎನ್ನುತ್ತದೆ. ಮರುವಾಯಿ ಸುಕ್ಕದ ಕಾಯಿಯನ್ನು ನುಣ್ಣಗೆ ಅರೆಯದೆ ತರಿಯಾಗಿ ಇಟ್ಟಿದ್ದರು, ಅದೇ ಸರಿ. ಅರ್ಧ ಚಿಪ್ಪಿಗೆ ಅಂಟಿಕೊಂಡ ಪುಟ್ಟ ಮಾಂಸವನ್ನು ಹಲ್ಲಿನಿಂದ ಬಿಡಿಸಿಕೊಂಡಾಗ ಕಾಯಿ, ಕೊತ್ತಂಬರಿ, ಮೆಣಸಿನ ನಡುವಿನಿಂದ ಅಳಿವೆಯ ಉಪ್ಪು ಹೊರಟಿತು. ಅದು ಅಡುಗೆಯವರು ಹಾಕಿದ ಉಪ್ಪಲ್ಲ. ಒಂದು ಕಣ ಮರಳೂ ಸಿಗಲಿಲ್ಲ.

ಮಾಲಿನೊಳಗೆ ಕುಳಿತು ಮೀನು ತಿನ್ನುವುದರಲ್ಲಿ ನನಗೆ ಖುಷಿ ಕೊಟ್ಟ ಇನ್ನೊಂದು ಸಂಗತಿಯನ್ನು ಹೇಳಬೇಕು. ಈ ಹೋಟೆಲಿನವರು ಕೈತೊಳೆಯುವ ತೊಟ್ಟಿಗಳನ್ನು ಹಿಂದಿನ ಓಣಿಯಲ್ಲಿ ಅಡಗಿಸಿಟ್ಟಿಲ್ಲ, ಊಟದ ಹಜಾರದ ನಡುವೆಯೇ ಸಾಲಾಗಿ ಇಟ್ಟಿದ್ದಾರೆ, ಪಕ್ಕದಲ್ಲಿ ನಿಂಬೆಹೋಳು. ಹಾಗಾಗಿ ಯಾರೂ ಚಮಚ ಮುಳ್ಳುಚಮಚ ಕೇಳುತ್ತಿರಲಿಲ್ಲ. ಕೊರಳಲ್ಲಿ ಕಂಪನಿಯ ಗುರುತುಪಟ್ಟಿ ತೂಗುತ್ತಿದ್ದ ಹುಡುಗ ಹುಡುಗಿಯರು ತೋಳು ಮಡಚಿಕೊಂಡು ಏಡಿಯ ಕಾಲು ಮುರಿಯುತ್ತಿದ್ದರು. ಪಕ್ಕದ ಮೇಜಿನಲ್ಲಿ ಬಂಗಾಳಿ ದಂಪತಿ, ಮಾತಿಲ್ಲದೆ, ಬಹಳ ನಿಧಾನವಾಗಿ ಮೀನಿನ ತಲೆಯೊಂದನ್ನು ಹಂಚಿಕೊಂಡು ಬಿಡಿಸುತ್ತಿದ್ದರು. ಮುಳ್ಳಿನ ಮೀನನ್ನು ಹೇಗೆ ತಿನ್ನಬೇಕೆಂದು ಬಲ್ಲವರನ್ನು ನೋಡುವುದೇ ಒಂದು ಸಂತೋಷ. ಚಿಕ್ಕಮ್ಮನ ಕಣ್ಣೂ ಆ ಕಡೆಗೇ ಇತ್ತು. ಆ ಹೆಂಗಸು ತಲೆಯೆತ್ತಿ ನಕ್ಕರು, ಇವರೂ ನಕ್ಕರು. ಬೆಂಗಳೂರಿನಲ್ಲಿ ಕರಾವಳಿಯ ಅಡುಗೆಗೆ ಮರ್ಯಾದೆಯ ಮೇಜು ಹೊಸದಲ್ಲ, ರೆಸಿಡೆನ್ಸಿ ರಸ್ತೆಯ ಕರವಳ್ಳಿ 1990ರಿಂದ ಅದನ್ನು ಹಾಕಿ ಬಡಿಸುತ್ತಿದೆ. ಆದರೆ ಪಂಚತಾರಾ ಹೋಟೆಲಿನ ಆವರಣದಿಂದ ಹೊರಗೆ, ಸಿನಿಮಾ ನೋಡಿ ಬಂದ ಕುಟುಂಬ ಹಾಗೆಯೇ ನುಗ್ಗಬಹುದಾದ ಜಾಗದಲ್ಲಿ, ಬಂಗುಡೆಯನ್ನು ಬಂಗುಡೆಯಾಗಿಯೇ ಬಡಿಸುವವರು ಸಿಕ್ಕಿದ್ದು ನನಗೆ ದೊಡ್ಡ ವಿಷಯ.

ಕೊನೆಗೆ ಕುಚ್ಚಲಕ್ಕಿ ಅನ್ನ, ಅಂಜಲ್ ಸಾರು. ಕಾಯಿ ನುಣ್ಣಗೆ ಅರೆದಿತ್ತು, ಮೀನನ್ನು ಸಾರು ಕುದಿದ ಮೇಲೆಯೇ ಬಿಟ್ಟಿದ್ದರು. ಮೊಸರಿನ ಬದಲು ಪುನರ್ಪುಳಿಯ ಸಾರು ಕುಡಿದೆವು. ಅದಕ್ಕೆ ಸಕ್ಕರೆ ಹಾಕದೆ ಬಿಟ್ಟದ್ದಕ್ಕೆ ವಂದನೆ.

ಬಿಲ್ಲಿಗೆ ಕಾಯುವಾಗ ಅಡುಗೆಯವರೇ ಹೊರಗೆ ಬಂದರು, ಬ್ರಹ್ಮಾವರದ ಕಡೆಯವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ಆಗ ಏನು ಮಾಡುತ್ತೀರಿ ಎಂದು ಕೇಳಿದೆ. ಬೇರೆ ರಾಜ್ಯದ ಶೈತ್ಯಾಗಾರದ ಮೀನು ತರಿಸುವ ಮನಸ್ಸಿಲ್ಲ, ನಾಡದೋಣಿಯವರ ಮೀನು, ಹೊಳೆಮೀನು ಸಿಕ್ಕಷ್ಟು, ಉಳಿದದ್ದಕ್ಕೆ ಒಣಮೀನು ಎಂದರು. ಮಳೆಗಾಲಕ್ಕೆಂದು ಒಣಮೀನಿನದೇ ಒಂದು ಪಟ್ಟಿ ಬರೆಯುತ್ತಿದ್ದಾರಂತೆ. ಮಾಲಿನ ಹೋಟೆಲಿನಲ್ಲಿ ಒಣಮೀನು ಸುಡುವ ಧೈರ್ಯ! ಚಿಕ್ಕಮ್ಮ ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿಕೊಂಡರು. "ಒಣ ಚಟ್ಲಿಗೆ ಎಣ್ಣೆ ಹಾಕ್ಬೇಡಿ ಮತ್ತೆ, ಬರೀ ಕಾವಲಿಲಿ ಹುರೀನಿ. ತಲೆ ಬಾಲ ತೆಗೀನಿ. ಹುಳಿಗೆ ಮಾವಿನಕಾಯಿ ಸಿಕ್ರೆ ಹುಣ್ಸೆಹಣ್ಣ್ ಬ್ಯಾಡ" ಎಂದು ಶುರುಮಾಡಿದರು. ಅಡುಗೆಯವರು ಜೇಬಿನಿಂದ ಆರ್ಡರ್ ಬರೆಯುವ ಚೀಟಿಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು.