ಗೋಹರಬಾಯಿ ಹಿಡಿದ ಕಂಪನಿ

ಅಮೀರ್ ಟಾಕೀಸ್ ಅಂದರೆ ಏನು ಎಂದು ವಿಜಯಪುರದ ಹಳಬರಿಗೆ ಹೇಳಬೇಕಾಗಿಲ್ಲ. ಬೀಳಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಗಾಯಕಿ ಅಮೀರ್‌ಬಾಯಿ ಕರ್ನಾಟಕಿ ಈ ಊರಲ್ಲಿ ಕಟ್ಟಿಸಿದ ಚಿತ್ರಮಂದಿರ ಅದು. 1943ರ ‘ಕಿಸ್ಮತ್’ ಸಿನಿಮಾ ಅವರ ದನಿಯನ್ನು ದೇಶದ ತುಂಬ ಒಯ್ದಿತ್ತು. ಆದರೆ ಅವರ ಒಡಹುಟ್ಟಿದ ಗೋಹರಬಾಯಿಯ ಹೆಸರೆತ್ತಿದರೆ ಸಿದ್ಧೇಶ್ವರ ಗುಡಿಯ ಕಟ್ಟೆಯ ಮೇಲೆ ಕೂತ ಹಿರಿಯರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಈ ವಾರದ ಬರಹ ಅವರಿಗೆ ಸಲ್ಲಲಿ.

ಗೋಹರಬಾಯಿಯ ಕಥೆ ಬಾಲಗಂಧರ್ವರಿಂದ ಶುರುವಾಗಬೇಕು. ಮರಾಠಿ ರಂಗಭೂಮಿಯಲ್ಲಿ ಹೆಣ್ಣು ಪಾತ್ರಗಳಿಗೆ ಹೆಸರಾದ ಅವರು 1913ರಲ್ಲಿ ಗೋವಿಂದರಾವ್ ಟೆಂಬೆ, ಗಣಪತರಾವ್ ಬೋಡಸರ ಜತೆ ಸೇರಿ ಗಂಧರ್ವ ನಾಟಕ ಮಂಡಳಿ ಕಟ್ಟಿದರು. ನಂತರದ ವೈಭವ ಎಲ್ಲರೂ ಬಲ್ಲ ಕಥೆ. ಅಸಲಿ ರೇಷ್ಮೆ, ಅಸಲಿ ಅತ್ತರು, ತಬಲಾಕ್ಕೆ ಅಹ್ಮದ್‌ಜಾನ್ ತಿರಖ್ವಾ ಅವರಂಥ ಉಸ್ತಾದರು. ಪಾಲುದಾರರು ಒಬ್ಬೊಬ್ಬರಾಗಿ ಹೊರನಡೆದರು, ಸಾಲ ಮಾತ್ರ ಉಳಿಯಿತು. ಅಷ್ಟರಲ್ಲಿ ಸಿನಿಮಾಕ್ಕೆ ಮಾತು ಬಂತು. ಬಾಲಗಂಧರ್ವರು 1935ರಲ್ಲಿ ಪ್ರಭಾತ್ ಕಂಪನಿಯ ‘ಧರ್ಮಾತ್ಮಾ’ದಲ್ಲಿ ಸಂತ ಏಕನಾಥರಾಗಿ ನಟಿಸಿದರು. ಕ್ಯಾಮೆರಾದ ಎದುರು ಅವರ ಜೀವ ನಿಲ್ಲಲಿಲ್ಲ, ರಂಗಕ್ಕೇ ಮರಳಿದರು. ಮರಳಿ ಬಂದಾಗ ಮೊದಲಿನ ಕಂಪನಿ ಎಲ್ಲಿತ್ತು?

ಗೋಹರಬಾಯಿ ಕಂಪನಿಗೆ ಬಂದದ್ದು ಈ ಹೊತ್ತಿಗೆ, ಮೂವತ್ತರ ದಶಕದ ಕೊನೆಗೆ. ಬಾಲಗಂಧರ್ವರ ಗಾಯನ ಶೈಲಿಯನ್ನು ಅವರು ದನಿಯ ಎಳೆ ಎಳೆಯಲ್ಲೂ ಇಳಿಸಿಕೊಂಡಿದ್ದರು. ಹೆಣ್ಣು ಹೇಗೆ ನಡೆಯಬೇಕು, ಹೇಗೆ ನಾಚಬೇಕು ಎಂದು ಮರಾಠಿ ರಂಗಭೂಮಿಗೆ ತೋರಿಸಿಕೊಟ್ಟದ್ದು ಒಬ್ಬ ಗಂಡಸು. ಆತ ಕಟ್ಟಿದ ನಾಯಕಿಯರ ಬಟ್ಟೆ ತೊಟ್ಟು ಅದೇ ರಂಗದ ಮೇಲೆ ನಿಂತವಳು ನಮ್ಮ ಬೀಳಗಿಯ ಹೆಣ್ಣುಮಗಳು. ಇದಕ್ಕೆ ಬೇಕಾದ ಎದೆಗಾರಿಕೆ ಎಷ್ಟೆಂದು ನಾನು ಆಗಾಗ ಯೋಚಿಸುತ್ತೇನೆ. ಬಾಲಗಂಧರ್ವರನ್ನು ಕೆಡಿಸಿದವಳು ಎಂಬ ಮಾತನ್ನೂ ಅವರು ಕೇಳಬೇಕಾಯಿತು. 1951ರಲ್ಲಿ ಇಬ್ಬರೂ ಮದುವೆಯಾದರು. ಮುಂದೆ ಬಾಲಗಂಧರ್ವರ ಕಾಲು ಸ್ವಾಧೀನ ತಪ್ಪಿದವು. ಗೋಹರಬಾಯಿ ತಮ್ಮ ಕೊನೆಯುಸಿರಿನ ತನಕ ಅವರ ಜತೆಗಿದ್ದರು. 1964ರಲ್ಲಿ ಗೋಹರಬಾಯಿ ತೀರಿಕೊಂಡರು. ಬಾಲಗಂಧರ್ವರಿಗೆ ಪದ್ಮಭೂಷಣ ಬಂದದ್ದೂ ಅದೇ ವರ್ಷ. ಮೂರು ವರ್ಷದ ಮೇಲೆ ಅವರೂ ಹೋದರು.

ದೊಡ್ಡ ಕಂಪನಿಯನ್ನು ಯಾರಾದರೂ ನಡೆಸಬಲ್ಲರು ಎನ್ನುವಷ್ಟು ಧೈರ್ಯ ನನಗಿಲ್ಲ. ಸಣ್ಣದಾಗಿಬಿಟ್ಟ ಕಂಪನಿಯನ್ನು ಗೋಹರಬಾಯಿಯಂತೆ ಹಿಡಿದು ನಿಲ್ಲುವುದು ಅದಕ್ಕಿಂತ ಕಠಿಣ ಎಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ರಹಮತ್ ತರೀಕೆರೆಯವರು ಅಮೀರ್‌ಬಾಯಿಯ ಬಗ್ಗೆ ಬರೆದ ಪುಸ್ತಕ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದೆ. ಗೋಹರಬಾಯಿಗೂ ಅಂಥದೊಂದು ಬರಬೇಕು.

ನಾಟಕ ಬರೆದವರನ್ನು ಊರು ಮರೆತಿಲ್ಲ, ನಮ್ಮ ರಂಗಮಂದಿರಕ್ಕೆ ಕಂದಗಲ್ ಹನುಮಂತರಾಯರ ಹೆಸರಿದೆ. ‘ರಕ್ತರಾತ್ರಿ’ ಬರೆದವರಿಗೆ ಅದು ಸಲ್ಲಲೇಬೇಕಾದ ಗೌರವ. ಅವರದೇ ಹುನಗುಂದ ಸೀಮೆಯ ಸೂಳೇಭಾವಿಯವರು ನಾಟಕಕಾರ ಪಿ.ಬಿ. ಧುತ್ತರಗಿ. 1997ಕ್ಕೆ ಮೊದಲು ಆ ಸೀಮೆಯೂ ನಮ್ಮದೇ ಜಿಲ್ಲೆ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕ 1974ರಲ್ಲಿ ರಾಜಕುಮಾರ್ ಸಿನಿಮಾ ಆಗಿ ಮನೆಮಾತಾಯಿತು. ಅವರ ಹೆಂಡತಿ ಸರೋಜಮ್ಮ ಧುತ್ತರಗಿ ಹೆಸರಾಂತ ನಟಿ. ಗಂಡ ಬರೆಯುವವರು, ಹೆಂಡತಿ ಬಣ್ಣ ಹಚ್ಚುವವರು. ವೃತ್ತಿ ಕಂಪನಿಗಳಲ್ಲಿ ಸಂಸಾರ ಬೇರೆ, ನಾಟಕ ಬೇರೆ ಎಂಬ ಗೋಡೆಯೇ ಇರುವುದಿಲ್ಲ.

ಟಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಲ್ಲಿ ಜಾತ್ರೆಗೊಂದು ನಾಟಕ ಕೂಡಿಸುವಾಗಲೂ ಬದುಕು, ನಾಟಕ ಹೀಗೆಯೇ ಬೆರೆಯುತ್ತವೆ. ದ್ರಾಕ್ಷಿ ತೋಟದಿಂದ ಬಂದ ಹುಡುಗ ರಾತ್ರಿ ತಾಲೀಮಿನಲ್ಲಿ ಶಕುನಿಯ ಮಾತು ಬಾಯಿಪಾಠ ಮಾಡುತ್ತಾನೆ. ಸೀನ್ಸ್ ಬಾಡಿಗೆಗೆ ಬರುತ್ತವೆ, ಹಾರ್ಮೋನಿಯಂ ನುಡಿಸುವ ಪೆಟ್ಟಿಗೆ ಮಾಸ್ತರರು ಬರುತ್ತಾರೆ. ಹೆಣ್ಣು ಪಾತ್ರದವರು ಸಂಜೆ ಬಸ್ಸಿಗೆ ಇಳಿದು, ಮುಂಜಾನೆಯ ತನಕ ಹಾಡಿ, ಮೊದಲ ಬಸ್ಸಿಗೆ ಹತ್ತುತ್ತಾರೆ. ಬೆಳಗಾದ ಮೇಲೆ ಊರವರು ನೆನೆಯುವುದು ಶಕುನಿಯನ್ನು. ಅವನಿಗೆ ಎದುರು ಮಾತು ಕೊಟ್ಟು ತಪ್ಪಿದಲ್ಲೆಲ್ಲ ಎತ್ತಿ ನಿಲ್ಲಿಸಿದ ಆ ಹೆಣ್ಣುಮಗಳು ಆ ಹೊತ್ತಿಗೆ ಅರ್ಧ ದಾರಿಯಲ್ಲಿ ನಿದ್ದೆ ಹೋಗಿರುತ್ತಾಳೆ.

ಒಂದು ಸಂಕ್ರಾಂತಿ ಜಾತ್ರೆಯಲ್ಲಿ ಮಧ್ಯಾಹ್ನದ ಹೊತ್ತು ಕಂಪನಿಯೊಂದರ ಟೆಂಟಿನ ಹಿಂದೆ ಹೋಗಿದ್ದೆ. ನಂದಿಕೋಲಿನ ಮೆರವಣಿಗೆ ನೋಡಿದ ಜನ ಇನ್ನೂ ಚದುರಿರಲಿಲ್ಲ. ತಗಡಿನ ಪೆಟ್ಟಿಗೆಯ ಮೇಲೆ ಪ್ರಾಂಪ್ಟರನ ವಹಿ ಬಿದ್ದಿತ್ತು. ಉದ್ದನೆಯ ನೋಟುಬುಕ್ಕು, ಬೆನ್ನಿಗೆ ದಾರದ ಹೊಲಿಗೆ, ಹಾಳೆಯ ಮೂಲೆಗಳಲ್ಲಿ ಹೆಬ್ಬೆರಳಿನ ಎಣ್ಣೆ ಕಲೆ. ಕೆಲವು ಮಾತುಗಳ ಕೆಳಗೆ ಕೆಂಪು ಗೆರೆ. ಯಾಕೆಂದು ಕೇಳಿದೆ. “ಅಲ್ಲಿ ಮಳಿ ಬಂದ್ರ ಕೇಳ್ಸೂದಿಲ್ರೀ, ಜೋರ್ ಹೇಳ್ಬೇಕು” ಎಂದರು ಮಾಲಕರ ಹೆಂಡತಿ. ತಗಡಿನ ಮೇಲೆ ಮಳೆ ಹೊಡೆಯುವಾಗ ಯಾವ ಮಾತು ಮುಳುಗುತ್ತದೆ ಎಂಬುದು ಅವರಿಗೆ ಪಾಠವಾಗಿತ್ತು.

ಅವರು ಮಾತಾಡುತ್ತಲೇ ರೊಟ್ಟಿ ಎಣಿಸುತ್ತಿದ್ದರು. ಒಬ್ಬೊಬ್ಬರಿಗೆ ಎರಡು, ಸ್ಟೇಜು ಕಟ್ಟುವ ಹುಡುಗರಿಗೆ ಮೂರು. ಹಿಂದಿನ ಕ್ಯಾಂಪು ಬಿದ್ದುಹೋಗಿತ್ತಂತೆ, ಕಲೆಕ್ಷನ್ ಆಗದೆ ಲಾರಿ ಬಾಡಿಗೆಗೆ ಕೈಬಳೆ ಅಡ ಇಟ್ಟು ಇಲ್ಲಿಗೆ ಬಂದಿದ್ದರು. ಅದನ್ನು ಹೇಳುವಾಗ ದನಿಯಲ್ಲಿ ಗೋಳು ಇರಲಿಲ್ಲ, ಲೆಕ್ಕ ಇತ್ತು. ರಾತ್ರಿ ಮೊದಲು ಟಿಕೇಟಿನ ಕಿಂಡಿಯಲ್ಲಿ ಕೂತವರು ಅವರೇ. ಎರಡನೆಯ ಬೆಲ್ಲಿಗೆ ದುಡ್ಡಿನ ಡಬ್ಬಿಯನ್ನು ಮಗನ ಕೈಗೆ ಕೊಟ್ಟು ಒಳಗೆ ಹೋದರು. ಪರದೆ ಎದ್ದಾಗ ನರೆಗೂದಲಿನ ತಾಯಿಯಾಗಿ ರಂಗದ ನಡುವೆ ನಿಂತಿದ್ದರು. ಬಲಗೈಯ ಬಳೆ ಇಲ್ಲದ ಜಾಗವನ್ನು ಸೆರಗಿನಿಂದ ಮುಚ್ಚಿಕೊಂಡಿದ್ದರು. ನೆಲದ ಮೇಲೆ ಕೂತವರು ಅದನ್ನೂ ಪಾತ್ರದ ಬಡತನವೆಂದುಕೊಂಡು ಕಣ್ಣೊರೆಸಿಕೊಂಡರು.