ಯಾರೂ ಕಾಣದ ಬೆವರು

ಲಿಸ್ಯೂ ನಗರದ ಸಂತ ತೆರೇಸರ ‘ಒಂದು ಆತ್ಮದ ಕಥೆ’ಯನ್ನು ನಾವು ಗುಲಾಬಿಗಳ ಗ್ರಂಥವನ್ನಾಗಿಸಿಬಿಟ್ಟಿದ್ದೇವೆ. ಇದರಲ್ಲಿ ಮೊದಲ ಮುದ್ರಣದ ಪಾಲೂ ಇದೆ: 1898ರ ಆ ಮುದ್ರಣಕ್ಕಾಗಿ ಅಕ್ಕ ಪೌಲೀನ್ ಹಸ್ತಪ್ರತಿಯನ್ನು ಧಾರಾಳವಾಗಿ ತಿದ್ದಿದ್ದರು. ಮೂಲಪಾಠ ಬೆಳಕು ಕಂಡದ್ದು 1956ರಲ್ಲಿ. ಅಲ್ಲಿ ಎದುರಾಗುವ ತೆರೇಸ ಹೆಚ್ಚು ಗಟ್ಟಿ.

ಸಂಜೆಯ ಧ್ಯಾನದ ವೇಳೆ ಹಿಂದೆ ಕುಳಿತ ಸಹೋದರಿಯೊಬ್ಬರ ಸಣ್ಣ ಸದ್ದು ಆಕೆಗೆ ಅಸಹನೀಯ. ತಿರುಗಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ; ಬೆವರುತ್ತ, ಆ ಸದ್ದನ್ನೇ ಸಂಗೀತವೆಂಬಂತೆ ಆಲಿಸಿ ಪ್ರಭುವಿಗೆ ಅರ್ಪಿಸಿದರು. ಇದನ್ನು ಬರೆದದ್ದು 1897ರ ಜೂನ್‌ನಲ್ಲಿ; ಕ್ಷಯ ಉಲ್ಬಣಿಸಿತ್ತು, ಪರಲೋಕವೇ ಇಲ್ಲವೇನೋ ಎಂಬ ಕತ್ತಲೆ ವರ್ಷದಿಂದ ಕವಿದಿತ್ತು. ಇದನ್ನು ಮರೆತು ಓದಿದರೆ ಪ್ರಸಂಗ ಬಾಲಿಶವೆನಿಸೀತು. (ಪ್ರಾರ್ಥನಾಲಯದಲ್ಲಿ ಕೆಮ್ಮಿದವರತ್ತ ಎಷ್ಟೋ ಸಲ ತಿರುಗಿ ನೋಡಿರುವ ನನಗೆ ಹಾಗೆನಿಸುವುದಿಲ್ಲ.) ಸಾಂತ್ವನದ ಆಸರೆಯಿಲ್ಲದೆ ನಡೆದದ್ದರಿಂದಲೇ ಅದು ವಿಶ್ವಾಸದ ಕೃತ್ಯ.

ಒಂದು ತಕರಾರು ಉಳಿಯುತ್ತದೆ. ಗುಪ್ತವಾಗಿ ಮಾಡಿದ್ದನ್ನು ಬರೆದಿಟ್ಟರೆ ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯಕ್ಕೆ ಏನು ಹೇಳೋಣ? ಮಠದ ಮುಖ್ಯಸ್ಥೆಯ ಆದೇಶಕ್ಕೆ ವಿಧೇಯರಾಗಿ ಬರೆದರೆಂಬ ಉತ್ತರ ನನಗೆ ಸಾಲದು. ಆದರೆ ಅದೇ ಹಸ್ತಪ್ರತಿಯಲ್ಲಿ, ತಮಗೆ ಹಿಡಿಸದ ಸಹೋದರಿಯೊಬ್ಬರೆದುರು ತಾಳಲಾರದೆ ಓಡಿಹೋಗುತ್ತಿದ್ದುದನ್ನೂ ಆಕೆ ದಾಖಲಿಸಿದ್ದಾರೆ. ಪುಣ್ಯವನ್ನು ಮೆರೆಸಲು ಹೊರಟ ಲೇಖನಿ ಆ ಸಾಲನ್ನು ಬಿಟ್ಟುಬಿಡುತ್ತಿತ್ತು.