ಕಡೆಯ ನೋಟದಲ್ಲಿ ಉಳಿದವರು

ಒಳ್ಳೆಯ ಚಲಚ್ಚಿತ್ರ ಬೇರೆ, ಮೆಚ್ಚಿನ ಚಲಚ್ಚಿತ್ರ ಬೇರೆ. ಒಳ್ಳೆಯದು ಯಾವುದೆಂಬುದನ್ನು ನಾಲ್ಕು ಜನ ಕುಳಿತು ತೀರ್ಮಾನಿಸಬಹುದು. ಬಹುಮಾನಗಳೂ ವಿಮರ್ಶಕರೂ ಇರುವುದು ಆ ಕೆಲಸಕ್ಕಾಗಿಯೇ. ಮೆಚ್ಚಿನದು ಹಾಗೆ ತೀರ್ಮಾನಕ್ಕೆ ಸಿಕ್ಕುವ ವಸ್ತುವಲ್ಲ. ಅದು ಮನೆಯ ಹಿರಿಯರೊಬ್ಬರಂತೆ ನಮ್ಮೊಡನೆ ಬಾಳುತ್ತ ಬರುತ್ತದೆ. ನಮಗೆ ವಯಸ್ಸಾದಂತೆ ಅದರ ಮಾತಿಗೆ ಹೊಸ ಹೊಸ ಅರ್ಥಗಳು ಹೊಳೆಯುತ್ತವೆ. ತೊಂಬತ್ತರ ದಶಕದ ನಡುಭಾಗದಲ್ಲಿ ತೆರೆ ಕಂಡ ಚಿತ್ರಗಳಲ್ಲಿ ಹೀಗೆ ನನ್ನೊಡನೆ ಉಳಿದುಬಂದವು ಯಾವುವೆಂದು ಕೇಳಿದರೆ ನಾನು ಮೂರರ ಹೆಸರು ಹೇಳುತ್ತೇನೆ: ೧೯೯೪ರಲ್ಲಿ ಬಂದ ಕ್ರಿಸ್ತೋಫ್ ಕೀಶ್ಲೋವ್ಸ್ಕಿ ಅವರ 'ಮೂರು ಬಣ್ಣಗಳು: ಕೆಂಪು', ೧೯೯೫ರ ಜಾಫರ್ ಪನಾಹಿ ಅವರ 'ಬಿಳಿಯ ಬಲೂನು', ೧೯೯೬ರ ಮೈಕ್ ಲೀ ಅವರ 'ಸೀಕ್ರೆಟ್ಸ್ ಅಂಡ್ ಲೈಸ್'.

ಮೂರಕ್ಕೂ ಮೇಲುನೋಟಕ್ಕೆ ಯಾವ ನಂಟೂ ಇಲ್ಲ. ಮೊದಲನೆಯದನ್ನು ಪೋಲೆಂಡಿನ ನಿರ್ದೇಶಕರು ಜಿನೀವಾ ನಗರದಲ್ಲಿ ಫ್ರೆಂಚ್ ಭಾಷೆಯಲ್ಲಿ ತೆಗೆದರು. ಎರಡನೆಯದು ಟೆಹರಾನಿನ ಒಂದು ಬೀದಿಯ ಕಥೆ. ಮೂರನೆಯದು ಲಂಡನ್ನಿನ ಸಾಧಾರಣ ಮನೆಗಳಲ್ಲಿ ನಡೆಯುತ್ತದೆ. ಆದರೆ ಮೂರೂ ಕೇಳುವ ಪ್ರಶ್ನೆ ಒಂದೇ. ನಂಟಿಲ್ಲದವನಿಗೆ, ಗುರುತಿಲ್ಲದವನಿಗೆ, ದಾರಿಯಲ್ಲಿ ಸಿಕ್ಕವನಿಗೆ ನಾವು ಏನನ್ನು ತೀರಿಸಬೇಕಾಗಿದೆ? ಮಕ್ಕಳಿಗೆ, ತಂದೆತಾಯಿಗಳಿಗೆ, ನಂಟರಿಗೆ ಸಲ್ಲಬೇಕಾದ ಋಣದ ಲೆಕ್ಕ ನಮಗೆಲ್ಲ ಬಾಯಿಪಾಠವಾಗಿದೆ. ಈ ಇನ್ನೊಂದು ಲೆಕ್ಕವನ್ನು ಬರೆದಿಟ್ಟವರು ಕಡಿಮೆ.

ಅದೇ ವರ್ಷಗಳಲ್ಲಿ ನಮ್ಮ ದೇಶದ ಚಿತ್ರಮಂದಿರಗಳನ್ನು ತುಂಬಿದ ಹಿಂದಿ ಚಿತ್ರಗಳನ್ನು ನೆನೆದರೆ ಈ ಮಾತು ಸ್ಪಷ್ಟವಾದೀತು. ೧೯೯೪ರಲ್ಲಿ 'ಹಮ್ ಆಪ್ಕೇ ಹೈ ಕೌನ್' ಬಂದಿತು. ೧೯೯೫ರಲ್ಲಿ 'ದಿಲ್‌ವಾಲೇ ದುಲ್ಹನಿಯಾ ಲೇ ಜಾಯೇಂಗೇ' ಬಂದು ಬೊಂಬಾಯಿಯ ಮರಾಠಾ ಮಂದಿರದಲ್ಲಿ ದಶಕಗಳ ಕಾಲ ಓಡಿತು. ಎರಡೂ ಮನೆಯ ಚಿತ್ರಗಳು. ಮದುವೆ, ಅತ್ತೆ ಮಾವ, ಹಾಡು, ಔತಣ, ಕೊನೆಗೆ ಹಿರಿಯರ ಒಪ್ಪಿಗೆ. ಎರಡನೆಯ ಚಿತ್ರದ ಮುಕ್ತಾಯದಲ್ಲಿ ಹೊರಟ ರೈಲಿನ ಬಾಗಿಲಿನಿಂದ ನಾಯಕ ಕೈ ಚಾಚುತ್ತಾನೆ. ತಂದೆ ಮಗಳ ಕೈ ಬಿಡುತ್ತಾನೆ. ಅವಳು ಓಡಿಬಂದು ಆ ಕೈ ಹಿಡಿಯುತ್ತಾಳೆ. ಆ ದೃಶ್ಯವನ್ನು ಅರಿಯದವರು ನಮ್ಮಲ್ಲಿ ವಿರಳ. ಅದರ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಪ್ರಿಯತಮೆಗಾಗಿ ಚಾಚಿದ ಕೈ. ಅದನ್ನು ಚಾಚದೆ ಇರುವವನು ಯಾರು? ನಾನು ಹೇಳಹೊರಟ ಚಿತ್ರಗಳಲ್ಲಿ ಚಾಚುವ ಕೈಗೆ ಅಂಥ ಕಾರಣವಿಲ್ಲ.

ಮೊದಲು 'ಕೆಂಪು' ಚಿತ್ರವನ್ನು ನೋಡೋಣ. ಫ್ರಾನ್ಸಿನ ಧ್ವಜದ ಮೂರು ಬಣ್ಣಗಳಿಗೆ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಮೂರು ತತ್ತ್ವಗಳನ್ನು ಜೋಡಿಸಿ ಕೀಶ್ಲೋವ್ಸ್ಕಿ ಮೂರು ಚಿತ್ರಗಳನ್ನು ಮಾಡಿದರು. ಕೆಂಪಿನ ಪಾಲಿಗೆ ಬಂದದ್ದು ಭ್ರಾತೃತ್ವ. ವ್ಯಾಲೆಂಟೀನ್ ಎಂಬ ತರುಣಿ ರಾತ್ರಿ ಕಾರು ನಡೆಸಿಕೊಂಡು ಬರುವಾಗ ಒಂದು ಹೆಣ್ಣುನಾಯಿಗೆ ಢಿಕ್ಕಿ ಹೊಡೆಯುತ್ತಾಳೆ. ಕೊರಳಪಟ್ಟಿಯ ವಿಳಾಸ ನೋಡಿ ಒಡೆಯನ ಮನೆಗೆ ಹೋದರೆ ಅಲ್ಲಿರುವವನು ನಿವೃತ್ತನಾದ ಒಬ್ಬ ನ್ಯಾಯಾಧೀಶ. ನಾಯಿ ಬದುಕಿದರೂ ಸತ್ತರೂ ಅವನಿಗೆ ಒಂದೇ. ಅವನ ಕಾಲಕ್ಷೇಪ ಬೇರೆ: ನೆರೆಹೊರೆಯವರ ಟೆಲಿಫೋನ್ ಮಾತುಗಳನ್ನು ಯಂತ್ರದ ಮೂಲಕ ಕದ್ದು ಕೇಳುವುದು. ವ್ಯಾಲೆಂಟೀನ್ ಅಸಹ್ಯಪಡುತ್ತಾಳೆ. ಪಕ್ಕದ ಮನೆಯ ಗೃಹಸ್ಥನೊಬ್ಬನ ಗುಟ್ಟಿನ ಮಾತು ಹೀಗೆ ಬಯಲಾಗುತ್ತಿದೆಯೆಂದು ಅವನ ಮನೆಯವರಿಗೆ ತಿಳಿಸಿಬಿಡಬೇಕೆಂದು ಎದ್ದು ಹೋಗುತ್ತಾಳೆ. ಹೋಗಿ ನೋಡಿದರೆ ಆ ಮನೆಯ ಪುಟ್ಟ ಮಗಳು ಇನ್ನೊಂದು ಫೋನು ಕಿವಿಗಿಟ್ಟು ತಂದೆಯ ಗುಟ್ಟನ್ನೇ ಕೇಳುತ್ತ ನಿಂತಿದ್ದಾಳೆ. ವ್ಯಾಲೆಂಟೀನ್ ಏನೂ ಹೇಳದೆ ಹಿಂತಿರುಗುತ್ತಾಳೆ. ಕಥೆಯನ್ನು ಕೀಶ್ಲೋವ್ಸ್ಕಿ ಅವರೊಡನೆ ಕೂಡಿ ಬರೆದ ಪೀಸಿಯೆವಿಚ್ ಅವರು ವೃತ್ತಿಯಿಂದ ವಕೀಲರು. ಸತ್ಯ ಹೇಳುವುದು ಎಲ್ಲ ವೇಳೆಯಲ್ಲಿಯೂ ನ್ಯಾಯವಾಗದು ಎಂಬ ಸೂಕ್ಷ್ಮ ಅವರಿಗೆ ತಿಳಿದಿದ್ದರೆ ಸೋಜಿಗವಿಲ್ಲ.

ಆದರೆ ಈ ಚಿತ್ರದ ಜೀವ ಇರುವುದು ಅರ್ಧ ನಿಮಿಷದ ಇನ್ನೊಂದು ದೃಶ್ಯದಲ್ಲಿ. ಬೆನ್ನು ಬಾಗಿದ ಒಬ್ಬ ಮುದುಕಿ ಖಾಲಿ ಸೀಸೆಯೊಂದನ್ನು ಬೀದಿಯ ತೊಟ್ಟಿಗೆ ಹಾಕಲು ಹೆಣಗುತ್ತಿದ್ದಾಳೆ. ತೊಟ್ಟಿಯ ಬಾಯಿ ಅವಳ ಕೈಗೆ ಎಟುಕದು. ಈ ಬಗೆಯ ದೃಶ್ಯ ಮೂರು ಬಣ್ಣಗಳಲ್ಲಿಯೂ ಬರುತ್ತದೆ. 'ನೀಲಿ'ಯಲ್ಲಿ ನಾಯಕಿ ಕಣ್ಣುಮುಚ್ಚಿ ಬಿಸಿಲು ಕಾಯಿಸಿಕೊಳ್ಳುತ್ತ ಕುಳಿತಿದ್ದಾಳೆ, ಕಾಣುವುದಿಲ್ಲ. 'ಬಿಳಿ'ಯಲ್ಲಿ ನಾಯಕ ನೋಡುತ್ತಾನೆ, ಸಣ್ಣಗೆ ನಗುತ್ತಾನೆ. 'ಕೆಂಪು' ಚಿತ್ರದಲ್ಲಿ ವ್ಯಾಲೆಂಟೀನ್ ಹೋಗಿ ಸೀಸೆಯನ್ನು ಒಳಕ್ಕೆ ದೂಡುತ್ತಾಳೆ. ಅಷ್ಟೆ. ಸಂಗೀತ ಉಕ್ಕುವುದಿಲ್ಲ, ಮುದುಕಿ ಹರಸುವುದಿಲ್ಲ. ನಮ್ಮ ಆಲಂಕಾರಿಕರು ಧ್ವನಿ ಎಂದು ಕರೆದದ್ದಕ್ಕೆ ತೆರೆಯ ಮೇಲೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯದು. ಮೂರು ಚಿತ್ರಗಳ ಉದ್ದಕ್ಕೂ ಕಾದಿಟ್ಟ ಮಾತನ್ನು ಒಂದು ಕೈಯ ಚಲನೆ ಹೇಳಿ ಮುಗಿಸುತ್ತದೆ.

ಇಷ್ಟು ಮೆಚ್ಚಿದ ಮೇಲೆ ಮುಕ್ತಾಯದ ಬಗೆಗೆ ತಕರಾರನ್ನೂ ಎತ್ತಬೇಕಾಗಿದೆ. ವ್ಯಾಲೆಂಟೀನ್ ಇಂಗ್ಲೆಂಡಿಗೆ ಹೊರಟ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗುತ್ತದೆ. ಸಾವಿರಕ್ಕೂ ಮಿಕ್ಕಿದ ಪ್ರಯಾಣಿಕರಲ್ಲಿ ಬದುಕಿ ಉಳಿದವರು ಏಳೇ ಮಂದಿ. ಅವರಲ್ಲಿ ಆರು ಮಂದಿ ಮೂರು ಚಿತ್ರಗಳ ಮುಖ್ಯ ಪಾತ್ರಗಳು! ಟೆಲಿವಿಷನ್ನಿನ ವಾರ್ತೆಯಲ್ಲಿ ವ್ಯಾಲೆಂಟೀನಳ ಮುಖ ನಿಶ್ಚಲವಾಗಿ ನಿಲ್ಲುತ್ತದೆ, ಊರಿನ ನಡುವೆ ತೂಗುಬಿಟ್ಟಿದ್ದ ಅವಳ ಚೂಯಿಂಗ್ ಗಮ್ ಜಾಹಿರಾತಿನ ಚಿತ್ರದ ಭಂಗಿಯಲ್ಲಿಯೇ. ಬಹು ಸುಂದರವಾದ ಚಿತ್ರವೆನ್ನದೆ ವಿಧಿಯಿಲ್ಲ. ಆದರೆ ಮುಳುಗಿದ ಸಾವಿರ ಮಂದಿ ಯಾರು? ಈ ನ್ಯಾಯಾಧೀಶನನ್ನು ಷೇಕ್ಸ್‌ಪಿಯರನ ಪ್ರಾಸ್ಪೆರೊವಿಗೆ ಹೋಲಿಸಿದವರುಂಟು. ಪ್ರಾಸ್ಪೆರೊ ಎಬ್ಬಿಸಿದ ಬಿರುಗಾಳಿಯಲ್ಲಿ ಹಡಗಿನ ಒಬ್ಬನ ಕೂದಲೂ ಕೊಂಕಲಿಲ್ಲವೆಂಬುದನ್ನು ಅವರು ನೆನೆಯಬೇಕು. ಭ್ರಾತೃತ್ವವನ್ನು ಹಾಡುವ ಚಿತ್ರ ತನ್ನ ಪರಿಚಿತರನ್ನು ಮಾತ್ರ ದಡ ಸೇರಿಸಿ, ಅಪರಿಚಿತರನ್ನು ಸಮುದ್ರಕ್ಕೆ ಬಿಟ್ಟಿತು. ೧೯೯೪ರ ಕಾನ್ ಉತ್ಸವದಲ್ಲಿ ಪಾಮ್ ದೋರ್ ಬಹುಮಾನ 'ಪಲ್ಪ್ ಫಿಕ್ಷನ್' ಚಿತ್ರಕ್ಕೆ ಹೋಯಿತು. 'ಕೆಂಪು' ಬರಿಗೈಯಲ್ಲಿ ಮರಳಿತು. ಕೀಶ್ಲೋವ್ಸ್ಕಿ ಮತ್ತೆ ಚಿತ್ರ ಮಾಡಲಿಲ್ಲ. ೧೯೯೬ರ ಮಾರ್ಚಿಯಲ್ಲಿ, ತಮ್ಮ ೫೪ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಇನ್ನು ಲೀ ಅವರ ಚಿತ್ರ. ಕಾಲದಲ್ಲಿ ಇದು ಮೂರನೆಯದಾದರೂ ವಾದದ ಅನುಕೂಲಕ್ಕಾಗಿ ಮೊದಲೇ ಎತ್ತಿಕೊಳ್ಳುತ್ತೇನೆ. ಹಾರ್ಟೆನ್ಸ್ ಕಪ್ಪು ಜನಾಂಗದ ಹೆಣ್ಣುಮಗಳು, ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವುದು ಅವಳ ವೃತ್ತಿ. ಸಾಕಿದ ತಾಯಿ ತೀರಿಕೊಂಡ ಮೇಲೆ ಹೆತ್ತವಳನ್ನು ಹುಡುಕಿಕೊಂಡು ಹೊರಡುತ್ತಾಳೆ. ಸಿಕ್ಕಿದವಳು ಸಿಂಥಿಯಾ ಎಂಬ ಬಿಳಿಯ ಹೆಂಗಸು: ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ದುಡಿಯುವವಳು, ಮಾತೆತ್ತಿದರೆ ಅಳುವವಳು. ಇಬ್ಬರೂ ಜನರಿಲ್ಲದ ಒಂದು ಕಾಫಿ ಅಂಗಡಿಯಲ್ಲಿ ಒಂದೇ ಬದಿಗೆ, ಪಕ್ಕಪಕ್ಕದಲ್ಲಿ ಕುಳಿತಿದ್ದಾರೆ. ಕ್ಯಾಮೆರಾ ಎದುರಿಗೆ ನಿಂತದ್ದು ಹಲವಾರು ನಿಮಿಷಗಳವರೆಗೆ ಅಲುಗಾಡುವುದಿಲ್ಲ. ತನಗೆ ಇಂಥ ಮಗಳಿರಲು ಸಾಧ್ಯವೇ ಇಲ್ಲವೆಂದು ಸಿಂಥಿಯಾ ಸಾಧಿಸುತ್ತಾಳೆ; ಸಾಧಿಸುತ್ತ ಸಾಧಿಸುತ್ತ ಎಂದೋ ಹೂತಿಟ್ಟ ನೆನಪೊಂದು ಮೇಲೆದ್ದು ಬರುತ್ತದೆ; ಮುಖ ಹೊರಳಿಸಿ ಬಿಕ್ಕುತ್ತಾಳೆ. ಬ್ರೆಂಡಾ ಬ್ಲೆಥಿನ್ ಅವರ ಅಭಿನಯ ಇಲ್ಲಿ ಏರುವ ಎತ್ತರವನ್ನು ಬಣ್ಣಿಸುವುದು ಕಷ್ಟ. ಬರೆದಿಟ್ಟ ಸಂಭಾಷಣೆಯನ್ನು ನಟರ ಕೈಗೆ ಕೊಡದೆ, ತಿಂಗಳುಗಟ್ಟಲೆ ಅವರೊಡನೆ ಪಾತ್ರಗಳನ್ನು ಬೆಳೆಸಿ, ಅದರಿಂದ ಕಥೆಯನ್ನು ಕಡೆದು ತೆಗೆಯುವುದು ಲೀ ಅವರ ಪದ್ಧತಿ. ಆ ಪದ್ಧತಿಯ ಫಲವನ್ನು ಈ ಒಂದು ದೃಶ್ಯದಲ್ಲಿ ಕಣ್ಣಾರೆ ಕಾಣಬಹುದು. ೧೯೯೬ರ ಕಾನ್ ಉತ್ಸವದಲ್ಲಿ ಚಿತ್ರಕ್ಕೆ ಪಾಮ್ ದೋರ್ ಬಹುಮಾನವೂ ಬ್ಲೆಥಿನ್ ಅವರಿಗೆ ಶ್ರೇಷ್ಠ ನಟಿಯ ಬಹುಮಾನವೂ ದೊರೆತವು.

ಕೊನೆಯ ನೋಟದಲ್ಲಿ ಸಿಂಥಿಯಾಳ ಮನೆಯ ಹಿತ್ತಲು. ತಾಯಿ, ಇಬ್ಬರು ಹೆಣ್ಣುಮಕ್ಕಳು, ಬಿಸಿಲು, ಚಹಾ. ಹೊರಗಿನವಳು ಒಳಗಿನವಳಾದಳು. ನೋಡಿದವರ ಮನಸ್ಸು ತಂಪಾಗುತ್ತದೆ. ಆದರೂ ಒಂದು ಮಾತು ಕೊರೆಯುತ್ತದೆ. ಚಿತ್ರ ಆರಂಭವಾಗುವುದು ಹಾರ್ಟೆನ್ಸಳ ಸಾಕುತಾಯಿಯ ಶವಸಂಸ್ಕಾರದಿಂದ. ಆ ತಾಯಿಯ ಶೋಕವೇನಾಯಿತು? ಮನೆಯ ಆಸ್ತಿಗಾಗಿ ಜಗಳವಾಡುತ್ತಿದ್ದ ಸೋದರರು ಎಲ್ಲಿ ಹೋದರು? ಸಿಂಥಿಯಾಳ ಮನೆಯವರ ಒಂದೊಂದು ಗಾಯವನ್ನೂ ಬಿಚ್ಚಿ ತೋರಿಸುವ ಲೀ, ಹಾರ್ಟೆನ್ಸಳ ಮನೆಯ ಬಾಗಿಲನ್ನು ಬೇಗನೆ ಮುಚ್ಚಿಬಿಡುತ್ತಾರೆ. ಅಪರಿಚಿತೆ ಈ ಮನೆಗೆ ಔಷಧಿಯಾಗಿ ಬಂದಳು. ಅವಳಿಗೂ ನೋವಿತ್ತೆಂಬುದು ಹಿತ್ತಲಿನ ಬಿಸಿಲಿನಲ್ಲಿ ಮರೆತುಹೋಗುತ್ತದೆ. ಅಲ್ಲದೆ, ಅವಳಿಗೆ ಒಳಗೆ ಜಾಗ ಸಿಕ್ಕಿದ್ದು ಅವಳು ರಕ್ತಸಂಬಂಧಿಯೆಂದು ತಿಳಿದ ಮೇಲೆ. ಹಾಗಿಲ್ಲದೆ ಬಂದವಳಿಗೆ ಆ ಬಾಗಿಲು ತೆರೆಯುತ್ತಿತ್ತೆ? ಚಿತ್ರ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ.

'ಬಿಳಿಯ ಬಲೂನು' ಕೇಳಿಕೊಳ್ಳುತ್ತದೆ. ಅದಕ್ಕಾಗಿಯೇ ಮೂರರಲ್ಲಿ ಅದಕ್ಕೆ ನನ್ನ ಮೊದಲ ಮಣೆ. ಕಥೆ ಎಷ್ಟು ಸಣ್ಣದೆಂದರೆ ಹೇಳಲು ನಾಚಿಕೆಯಾಗಬೇಕು. ಇರಾನಿನ ಹೊಸ ವರ್ಷವಾದ ನೌರೋಜ್, ನಮ್ಮ ಯುಗಾದಿಯಂತೆ, ವಸಂತದ ಹಬ್ಬ. ಹಬ್ಬದ ಮಣೆಯ ಮೇಲೆ ಬಂಗಾರದ ಮೀನಿಡುವುದು ರೂಢಿ. ಏಳು ವರ್ಷದ ರಜಿಯೆಗೆ ಮನೆಯ ಕೊಳದ ಬಡಕಲು ಮೀನು ಬೇಡ, ಅಂಗಡಿಯ ದಪ್ಪನೆಯ ಮೀನೇ ಆಗಬೇಕು. ಬೆಲೆ ನೂರು ತೊಮಾನು. ತಾಯಿಯನ್ನು ಕಾಡಿ ಬೇಡಿ ಐನೂರರ ನೋಟನ್ನು ಪಡೆಯುತ್ತಾಳೆ. ದಾರಿಯಲ್ಲಿ ಹಾವಾಡಿಗರು ಆ ನೋಟನ್ನು ಹಿಡಿದು ಆಟವಾಡಿಸುತ್ತಾರೆ. ಅವರಿಂದ ತಪ್ಪಿಸಿಕೊಂಡರೆ ನೋಟು ಬೀದಿಯಲ್ಲಿ ಬಿದ್ದು, ಬಾಗಿಲು ಹಾಕಿದ ಅಂಗಡಿಯೊಂದರ ಮುಂದಿನ ಕಬ್ಬಿಣದ ಜಾಲರಿಯ ಕೆಳಕ್ಕೆ ಜಾರುತ್ತದೆ. ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕದು. ಚಿತ್ರದ ಮಿಕ್ಕ ಭಾಗವೆಲ್ಲ ಆ ಜಾಲರಿಯ ಪಕ್ಕದಲ್ಲಿಯೇ. ಇಲ್ಲಿನ ಕಾಲವೂ ಹೆಚ್ಚುಕಡಮೆ ಗಡಿಯಾರದ ಕಾಲವೇ: ಹೊಸ ವರ್ಷಕ್ಕೆ ಒಂದೂವರೆ ಗಂಟೆಯಷ್ಟು ಉಳಿದಿರುವಾಗ ಚಿತ್ರ ಮೊದಲಾಗಿ, ಆ ಗಳಿಗೆ ಬಂದಾಗ ಮುಗಿಯುತ್ತದೆ.

ಕಥೆ ಬರೆದುಕೊಟ್ಟವರು ಪನಾಹಿ ಅವರ ಗುರುಗಳಾದ ಅಬ್ಬಾಸ್ ಕಿಯರೋಸ್ತಮಿ. ಜಾಲರಿಯ ಪಕ್ಕದಲ್ಲಿ ಹಾದುಹೋಗುವವರೆಲ್ಲ ಅಪರಿಚಿತರು. ಒಬ್ಬ ಮುದುಕಿ ಕನಿಕರಿಸುತ್ತಾಳೆ, ಆದರೆ ಅವಳಿಗೂ ಮನೆಗೆ ಹೋಗುವ ಅವಸರ. ದರ್ಜಿಯವನು ಗಿರಾಕಿಯೊಡನೆ ಅಂಗಿಯ ಕಾಲರಿನ ಬಗೆಗೆ ಜಗಳದಲ್ಲಿದ್ದಾನೆ. ರಜೆಯ ಮೇಲೆ ಊರಿಗೆ ಹೋಗಬೇಕಾದ ಬಡ ಸೈನಿಕನೊಬ್ಬ ಹುಡುಗಿಯ ಪಕ್ಕ ಕುಳಿತು ತನ್ನ ತಂಗಿಯರ ನೆನಪಿನಲ್ಲಿ ಮಾತಾಡುತ್ತಾನೆ. ಇವರಲ್ಲಿ ಯಾರೂ ದುಷ್ಟರಲ್ಲ, ಪುಣ್ಯಾತ್ಮರೂ ಅಲ್ಲ. ಕೊನೆಗೆ ಕೆಲಸವಾಗುವುದು ಬಲೂನು ಮಾರುವ ಒಬ್ಬ ಆಫ್ಘನ್ ಹುಡುಗನಿಂದ. ಬಲೂನು ಕಟ್ಟುವ ಕೋಲಿನ ತುದಿಗೆ ಚೂಯಿಂಗ್ ಗಮ್ ಅಂಟಿಸಿ ನೋಟನ್ನು ಮೇಲೆತ್ತುತ್ತಾರೆ. ಜಿನೀವಾದಲ್ಲಿ ಬೀದಿಯನ್ನೆಲ್ಲ ಆಳುವ ಜಾಹಿರಾತಾಗಿದ್ದ ಪದಾರ್ಥ ಟೆಹರಾನಿನಲ್ಲಿ ಒಂದು ಮಗುವಿನ ಕಷ್ಟಕ್ಕಾಯಿತು!

ಇಲ್ಲಿಗೆ ನಿಲ್ಲಿಸಿದ್ದರೆ ಇದು ಮಕ್ಕಳಿಗೆ ತೋರಿಸಬಹುದಾದ ಮುದ್ದಾದ ಚಿತ್ರವಾಗುತ್ತಿತ್ತು. ಪನಾಹಿ ನಿಲ್ಲಿಸಲಿಲ್ಲ. ರಜಿಯೆಯೂ ಅವಳ ಅಣ್ಣನೂ ಮೀನು ಕೊಂಡು ಹಬ್ಬಕ್ಕೆ ಮನೆಯತ್ತ ಓಡುತ್ತಾರೆ. ಕ್ಯಾಮೆರಾ ಅವರ ಹಿಂದೆ ಓಡುವುದಿಲ್ಲ. ಮಾರಾಟವಾಗದೆ ಉಳಿದ ಒಂದೇ ಒಂದು ಬಿಳಿಯ ಬಲೂನನ್ನು ಹಿಡಿದು ಆಫ್ಘನ್ ಹುಡುಗ ಅಲ್ಲಿಯೇ ಕುಳಿತಿದ್ದಾನೆ. ಹೊಸ ವರ್ಷ ಬರುವ ಹೊತ್ತಿಗೆ ಚಿತ್ರ ಅವನ ಮೇಲೆ ನಿಶ್ಚಲವಾಗಿ ನಿಂತುಬಿಡುತ್ತದೆ. ಹುಡುಗಿಯದು ಕೃತಘ್ನತೆಯೆನ್ನಲಾಗದು, ಅವಳಿಗೆ ಏಳು ವರ್ಷ, ಕೈಯಲ್ಲಿ ಮೀನು, ಮನೆಯಲ್ಲಿ ಹಬ್ಬ. ಇರಾನಿನಲ್ಲಿ ಆಗ ಹತ್ತು ಲಕ್ಷಕ್ಕೂ ಹೆಚ್ಚು ಆಫ್ಘನ್ ನಿರಾಶ್ರಿತರು ಇದ್ದರು. ಚಿತ್ರದಲ್ಲಿ ಆ ಸಂಖ್ಯೆಯಿಲ್ಲ, ಉಪದೇಶವಿಲ್ಲ. ಹೆಸರು ಮಾತ್ರ ಹುಡುಗನ ಬಲೂನಿನದು. ಒಂದೂವರೆ ಗಂಟೆ ನಾವು ಮೀನನ್ನೂ ನೋಟನ್ನೂ ಹಂಬಲಿಸಿದೆವು. ಚಿತ್ರದ ಹೆಸರು ಮೊದಲಿನಿಂದಲೂ ಹೇಳುತ್ತಿದ್ದ ಬಲೂನನ್ನು ನಾವು ನೋಡುವುದು ಎಲ್ಲವೂ ಮುಗಿದ ಮೇಲೆ. ಔಚಿತ್ಯವೆಂದರೆ ಇದು.

ಎರಡು ಚಿತ್ರಗಳು ನಿಶ್ಚಲವಾದ ನೋಟದಲ್ಲಿ ನಿಲ್ಲುತ್ತವೆ. ಕೀಶ್ಲೋವ್ಸ್ಕಿ ಅವರದು ಉಳಿದುಕೊಂಡವಳ ಮುಖ. ಪನಾಹಿ ಅವರದು ಹೊರಗುಳಿದವನ ಮುಖ. ಪರೋಪಕಾರವನ್ನು ಕುರಿತ ಚಿತ್ರವನ್ನು ಅಳೆಯಲು ನನಗೆ ಇದಕ್ಕಿಂತ ನಂಬಿಕೆಯ ಅಳತೆಗೋಲು ದೊರೆತಿಲ್ಲ: ಸುಖಾಂತ್ಯದ ಗಳಿಗೆಯಲ್ಲಿ ಕ್ಯಾಮೆರಾ ಯಾರ ಕಡೆ ತಿರುಗಿತು? ಈ ಚಿತ್ರಕ್ಕೆ ೧೯೯೫ರ ಕಾನ್ ಉತ್ಸವದಲ್ಲಿ, ಮೊದಲ ಕೃತಿಗೆ ಸಲ್ಲುವ ಕ್ಯಾಮೆರಾ ದೋರ್ ಬಹುಮಾನ ಬಂದಿತು. ಮುಂದೆ ೨೦೧೦ರಲ್ಲಿ ಅವರ ದೇಶದ ನ್ಯಾಯಾಲಯ ಪನಾಹಿ ಅವರಿಗೆ ೨೦ ವರ್ಷ ಚಿತ್ರ ಮಾಡಬಾರದೆಂಬ ನಿಷೇಧವನ್ನು ವಿಧಿಸಿತು. ಅವರು ಚಿತ್ರ ಮಾಡುವುದನ್ನು ಬಿಡಲಿಲ್ಲ. ೨೦೨೫ರಲ್ಲಿ ಅದೇ ಕಾನ್ ಉತ್ಸವದ ಪಾಮ್ ದೋರ್ ಅವರ ಕೈ ಸೇರಿತು. ಹೊರಗುಳಿದವನ ಮೇಲೆ ಮೂವತ್ತು ವರ್ಷಗಳ ಹಿಂದೆ ನೆಟ್ಟ ಕಣ್ಣನ್ನು ಅವರು ಕದಲಿಸಿಲ್ಲವೆಂಬುದಕ್ಕೆ ಅವರ ಬಾಳೇ ಸಾಕ್ಷಿ.

ಈಗ ಈ ಚಿತ್ರಗಳನ್ನು ಮನೆಯಲ್ಲಿಯೇ ಕುಳಿತು ನೋಡುವ ಅನುಕೂಲಗಳುಂಟು. ಬಿಡುವಿರುವ ಓದುಗರು ಮೂರನ್ನೂ ನೋಡಲಿ. ಒಂದನ್ನೇ ನೋಡುವಷ್ಟು ಬಿಡುವಿದ್ದರೆ ಟೆಹರಾನಿನ ಹುಡುಗಿಯ ಕಥೆಯನ್ನು ನೋಡಲಿ. ಮಕ್ಕಳನ್ನೂ ಜೊತೆಗೆ ಕೂಡಿಸಿಕೊಂಡರೆ ಒಳ್ಳೆಯದು. ಮೀನು ಸಿಕ್ಕಿತೆಂದು ಅವರು ಚಪ್ಪಾಳೆ ತಟ್ಟಿ ಏಳಹೊರಟಾಗ, ಇನ್ನೂ ಸ್ವಲ್ಪ ಇದೆ ಕುಳಿತಿರಿ ಎಂದು ಹೇಳುವುದಷ್ಟೆ ಹಿರಿಯರ ಕೆಲಸ.